ಹತ್ತನೆಯ ಇಂಗ್ಲಿಷ್: ಪದ್ಯ ಅರ್ಥವಾಗುತ್ತೆ, ಬರೆಯೋಕೆ ಬರಲ್ಲ

ಡೊಂಬಿವಲಿಯಿಂದ ಪ್ರಶ್ನೆ: ಮಗಳು ಏಳರವರೆಗೆ ಕನ್ನಡ ಮಾಧ್ಯಮ, ಆಮೇಲೆ ಇಂಗ್ಲಿಷ್ ಮಾಧ್ಯಮ. ಈ ವರ್ಷ ಮಹಾರಾಷ್ಟ್ರ ಬೋರ್ಡಿನ ಹತ್ತನೆಯ ಪರೀಕ್ಷೆ, ಎಸ್ಸೆಸ್ಸಿ. ಇಂಗ್ಲಿಷ್ ಪಠ್ಯಪುಸ್ತಕ ಕುಮಾರಭಾರತಿಯ ಪದ್ಯದ ಅರ್ಥ ಕನ್ನಡದಲ್ಲಿ ಚೆನ್ನಾಗಿ ಹೇಳ್ತಾಳೆ. ಅಪ್ರಿಸಿಯೇಶನ್ (ಪದ್ಯದ ಪ್ರಾಸ, ಅಲಂಕಾರ, ತಿರುಳು ವಿವರಿಸುವ ಉತ್ತರ), ಪತ್ರ, ವರದಿ ಬರೆಯಲು ಕೂತರೆ ನಾಲ್ಕೇ ಸಾಲಿಗೆ ಪೆನ್ನು ನಿಲ್ಲುತ್ತೆ. ಮನೆಯಲ್ಲಿ ಹೇಗೆ ಹೇಳಿಕೊಡಲಿ?

ವಡಾಳದಿಂದ: ಅಕ್ಕ, ಮೊದಲು ಪದ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿಸಿ. ಪ್ರಾಸ ಹಿಡಿಯಬೇಕಾದದ್ದು ಕಿವಿ. ‘ಲವ್’, ‘ಮೂವ್’ ಇಂಗ್ಲಿಷಿನಲ್ಲಿ ಬರೆದರೆ ಕೊನೆಯ ಮೂರು ಅಕ್ಷರ ಒಂದೇ, ಆದರೂ ಪ್ರಾಸ ಕೂಡಲ್ಲ. ‘ಸ್ಕೈ’, ‘ಹೈ’ ಸ್ಪೆಲಿಂಗ್ ಬೇರೆ, ಪ್ರಾಸ ಸರಿ. ನಮ್ಮ ಮಕ್ಕಳಿಗೆ ಇನ್ನೊಂದು ತೊಡಕಿದೆ: ಹಳೆಯ ಕನ್ನಡ ಪದ್ಯದಲ್ಲಿ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ, ಇಲ್ಲಿ ಸಾಲಿನ ಕೊನೆಯಲ್ಲಿ. ಪ್ರತಿ ಸಾಲಿನ ಮುಂದೆ ಪೆನ್ಸಿಲಲ್ಲಿ ಎ, ಬಿ ಹಾಕಿಸಿ. ಪ್ರಾಸ ಕೂಡಿದ ಸಾಲುಗಳಿಗೆ ಒಂದೇ ಅಕ್ಷರ, ಹೊಸ ಸದ್ದು ಬಂದಾಗ ಮಾತ್ರ ಹೊಸ ಅಕ್ಷರ.

ಅಲಂಕಾರದ ಹೆಸರಷ್ಟೇ ಬರೆದರೆ ಪೂರ್ತಿ ಅಂಕ ಸಿಗಲ್ಲ. ಪದ್ಯದ ಸಾಲು ಎತ್ತಿ ಬರೆದು, ಏನನ್ನು ಏನಕ್ಕೆ ಹೋಲಿಸಿದೆ ಅಂತ ಒಂದು ವಾಕ್ಯ ಸೇರಿಸಲಿ. ‘ಲೈಕ್’ ಕಂಡ ಕೂಡಲೇ ಸಿಮಿಲಿ (ಉಪಮೆ) ಅಂದುಬಿಡ್ತಾರೆ; ‘ಐ ಲೈಕ್ ದ ರೇನ್’ನಲ್ಲಿ ಹೋಲಿಕೆ ಎಲ್ಲಿದೆ? ಕನ್ನಡದಲ್ಲಿ ಉಪಮೆ, ರೂಪಕ ಕಲಿತವಳಿಗೆ ಇದು ಬೇಗ ಹತ್ತುತ್ತೆ. ಇನ್ನು ಸೆಂಟ್ರಲ್ ಐಡಿಯಾ, ಅಂದರೆ ಪದ್ಯದ ತಿರುಳು: ‘ಈ ಪದ್ಯ ಮಳೆಯ ಬಗ್ಗೆ’ ಅಂದರೆ ವಿಷಯ ಮಾತ್ರ ಆಯ್ತು. ಮಳೆಯ ಬಗ್ಗೆ ಕವಿ ಏನು ಹೇಳ್ತಾನೆ, ಅದನ್ನು ಬರೆಯಬೇಕು.

ಪಿಂಪ್ರಿಯಿಂದ: ವರದಿಯಲ್ಲಿ ಮಕ್ಕಳು ದಿನಚರಿ ಬರೀತಾರೆ, ‘ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಸೇರಿದೆವು’ ಅಂತ. ವರದಿ ಹಾಗಲ್ಲ: ಮೇಲೆ ಶೀರ್ಷಿಕೆ, ಊರು, ದಿನಾಂಕ. ಮೊದಲ ಪ್ಯಾರಾದಲ್ಲೇ ಯಾರು, ಏನು, ಎಲ್ಲಿ, ಯಾವಾಗ. ವಿವರ ಆಮೇಲೆ. ‘ಐ’, ‘ವೀ’ ಬರಲೇಬಾರದು. ಶೀರ್ಷಿಕೆ ವರ್ತಮಾನಕಾಲದಲ್ಲಿ, ‘ಸ್ಟೂಡೆಂಟ್ಸ್ ಕ್ಲೀನ್ ಜುಹೂ ಬೀಚ್’. ಒಳಗಿನ ಸುದ್ದಿ ಭೂತಕಾಲದಲ್ಲಿ. ಪತ್ರ ಪೂರ್ತಿ ಎಡಗಡೆಗೆ ಅಂಟಿರಲಿ, ಅರ್ಧ ಎಡಕ್ಕೆ ಅರ್ಧ ಬಲಕ್ಕೆ ಬೇಡ. ದೂರಿನ ಪತ್ರವಾದರೆ ತೊಂದರೆ ಏನು, ಯಾವತ್ತಿಂದ, ಏನು ಮಾಡಬೇಕು, ಇಷ್ಟು ಸಾಕು. ‘ಯುವರ್ಸ್’ಗೆ ಅಪಾಸ್ಟ್ರಫಿ ಇಲ್ಲ ಮಾರಾಯ್ರೆ, ಎಷ್ಟು ಹೇಳಿದರೂ ಹಾಕ್ತಾರೆ.

ಥಾಣೆಯಿಂದ: ಕನ್ನಡದಲ್ಲಿ ಪೂರ್ತಿ ಬರೆದು ಇಂಗ್ಲಿಷ್ ಮಾಡಿಸಬೇಡಿ. ನಮ್ಮ ಕ್ರಿಯಾಪದ ಕೊನೆಗೆ ಬರುತ್ತೆ, ‘ಅಂತ’ ಸೇರಿಸುತ್ತ ವಾಕ್ಯ ಉದ್ದವಾಗುತ್ತೆ, ಇಂಗ್ಲಿಷಿನಲ್ಲಿ ಅದು ಗಂಟು ಬೀಳುತ್ತೆ. ಐದಾರು ಅಂಶದ ಟಿಪ್ಪಣಿ ಮಾಡಿ ನೇರ ಇಂಗ್ಲಿಷಿಗೆ ಇಳಿಯಲಿ, ವಾಕ್ಯಕ್ಕೆ 15 ಪದ ಮೀರದಂತೆ. ತಿದ್ದುವಾಗ ಮೂರು ಸಲ ಓದಬೇಕು: ಒಮ್ಮೆ ಬರೀ ಕಾಲ, ಒಮ್ಮೆ ಬರೀ ‘ಎ’, ‘ದ’ (ಕನ್ನಡದಲ್ಲಿ ಇಲ್ಲದ್ದರಿಂದ ಬಿಟ್ಟುಹೋಗೋದೇ ಇವು), ಕೊನೆಗೆ ಪೂರ್ಣವಿರಾಮ.

ಡೊಂಬಿವಲಿ: ಗೈಡಿನ ಉತ್ತರ ಬಾಯಿಪಾಠ ಮಾಡಿಸಲೇ?

ವಡಾಳ: ಮಾದರಿ ನೋಡೋಕೆ ಸರಿ, ಬಾಯಿಪಾಠಕ್ಕೆ ಬೇಡ. ಪತ್ರ, ವರದಿಯ ವಿಷಯ ಬದಲಾಗುತ್ತೆ. ಒಂದು ಮಾದರಿ ಓದಿ, ಪುಸ್ತಕ ಮುಚ್ಚಿ, ಅದೇ ಕಟ್ಟಿನಲ್ಲಿ ಬೇರೆ ವಿಷಯ ಬರೆಯಲಿ. 80 ಅಂಕದ ಪತ್ರಿಕೆಯಲ್ಲಿ ಬರವಣಿಗೆಯ ಪ್ರಶ್ನೆ ಬರೋದು ಕೊನೆಯ ಭಾಗದಲ್ಲಿ, ಅದಕ್ಕೆ ಮುಕ್ಕಾಲು ಗಂಟೆ ಉಳಿಸಿಕೊಳ್ಳಲಿ.