ನೆರೆಮನೆಯವರ 1999ರ ಸ್ಯಾಟರ್ನ್ 1,500 ಡಾಲರಿಗೆ ಸಿಗುತ್ತಿದೆ, ಕೊಳ್ಳಬಹುದೇ?

ಹಿತ್ತಲಗಿಡ:

ನಾವಿರುವುದು ಓಹಿಯೋದಲ್ಲಿ. ಪಕ್ಕದ ಮನೆಯ ನಿವೃತ್ತ ಶಿಕ್ಷಕಿ ಮನೆ ಮಾರಿ ಮಗಳ ಊರಿಗೆ ಹೊರಟಿದ್ದಾರೆ. ಅವರ ಗ್ಯಾರೇಜಿನಲ್ಲಿ 1999ರ ಸ್ಯಾಟರ್ನ್ ಎಸ್‌ಎಲ್1 ಇದೆ. ಐದು ಗೇರಿನ ಮ್ಯಾನುಯಲ್, ಓಡಿರುವುದು 1,12,000 ಮೈಲಿ. 1,500 ಡಾಲರ್ ಕೊಟ್ಟು ತೆಗೆದುಕೊಂಡು ಹೋಗಿ ಎನ್ನುತ್ತಿದ್ದಾರೆ. ಹದಿನೇಳು ವರ್ಷದ ನನ್ನ ಮಗ ಕ್ಲಚ್ ಕಲಿಯಬೇಕೆಂದು ಹಟ ಹಿಡಿದಿದ್ದಾನೆ, ಹಾಗಾಗಿ ನನಗೂ ಆಸೆಯಾಗಿದೆ.

ನಿಜ ಹೇಳಬೇಕೆಂದರೆ ಕಾರಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಅವರು ಗ್ಲೋವ್ ಬಾಕ್ಸಿನಿಂದ ತೆಗೆದು ತೋರಿಸಿದ ಒಂದು ಫೋಟೋ. ಶೋರೂಮಿನ ಹತ್ತು ಹನ್ನೆರಡು ಜನ ಕೈಯೆತ್ತಿ ಕೂಗುತ್ತಿದ್ದಾರೆ, ನಡುವೆ ಇವರು ಕೀ ಹಿಡಿದುಕೊಂಡು ಹೊಸ ಮದುಮಗಳಂತೆ ನಾಚಿ ನಿಂತಿದ್ದಾರೆ. ಆ ಫೋಟೋವನ್ನು ಇಪ್ಪತ್ತು ವರ್ಷಕ್ಕೂ ಮೇಲೆ ಕಾರಿನಲ್ಲೇ ಇಟ್ಟುಕೊಂಡಿದ್ದಾರೆ! ಜನ ಇಷ್ಟು ಹಚ್ಚಿಕೊಂಡಿದ್ದ ಕಂಪನಿ ಮುಚ್ಚಿದ್ದೇಕೆ? ಈ ಕಾರನ್ನು ವರ್ಷಗಟ್ಟಲೆ ಓಡಿಸಿದವರು ಯಾರಾದರೂ ಇದ್ದರೆ ಹೇಳಿ. ನಮ್ಮ ಯಜಮಾನರದ್ದು ಒಂದೇ ಮಾತು: "ದುಡ್ಡು ಕೊಟ್ಟು ಶನಿಯನ್ನು ಮನೆಗೆ ಕರೆತರುವವರನ್ನು ನಾನು ಎಲ್ಲೂ ನೋಡಿಲ್ಲ."

ಮೂರನೇಗೇರು:

ಮೊದಲು ನಿಮ್ಮ ಯಜಮಾನರಿಗೆ ಉತ್ತರ. ಆ ಹೆಸರು ಬಂದದ್ದು ಜಾತಕದಿಂದಲ್ಲ, ಚಂದ್ರನತ್ತ ಮನುಷ್ಯರನ್ನು ಹೊತ್ತೊಯ್ದ ಸ್ಯಾಟರ್ನ್ ರಾಕೆಟ್ಟಿನಿಂದ. ಶನಿಕಾಟವೆಂದರೆ ಏಳೂವರೆ ವರ್ಷ ತಾನೇ? ನನ್ನ ಹೆಗಲಿಗೇರಿದ್ದು ಹದಿನಾಲ್ಕು ವರ್ಷ ಇಳಿಯಲಿಲ್ಲ. 1998ರಲ್ಲಿ ನ್ಯಾಶ್‌ವಿಲ್‌ನಲ್ಲಿ ಕೊಂಡ ಹಸಿರು ಎಸ್‌ಎಲ್2 ಅದು. 2012ರಲ್ಲಿ ಬಿಟ್ಟುಕೊಟ್ಟಾಗ ಮೀಟರಿನಲ್ಲಿ 2,31,000 ಮೈಲಿ ಇತ್ತು.

ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಸ್ಯಾಟರ್ನ್ ನೋಡುವ ಮೊದಲು ಬೇರೊಂದು ಮಳಿಗೆಗೆ ಹೋಗಿದ್ದೆ, ಹೆಸರು ಬೇಡ. ಮಾರಾಟಗಾರ ನಾಲ್ಕು ಗಂಟೆಯಲ್ಲಿ ಆರು ಸಲ ಎದ್ದು, "ಮ್ಯಾನೇಜರನ್ನು ಕೇಳಿ ಬರುತ್ತೇನೆ" ಎಂದು ಒಳಗೆ ಹೋಗಿ, ಆರು ಸಲವೂ ಮುಖ ಸಪ್ಪೆ ಮಾಡಿಕೊಂಡು ಬಂದ. ನನ್ನ ಇಂಗ್ಲಿಷಿಗೆ ಆಗಿನ್ನೂ ಚೌಕಾಸಿ ಮಾಡುವ ಧೈರ್ಯ ಬಂದಿರಲಿಲ್ಲ. ಸ್ಯಾಟರ್ನ್ ಅಂಗಡಿಯಲ್ಲಿ ಗಾಜಿಗೆ ಅಂಟಿಸಿದ ಬೆಲೆಯೇ ಬೆಲೆ. ಪ್ರೊಫೆಸರಿಗೂ ಅದೇ, ನನಗೂ ಅದೇ. ಮೋಸ ಹೋಗುತ್ತಿದ್ದೇನೆ ಎಂಬ ಅಳುಕಿಲ್ಲದೆ ಈ ದೇಶದಲ್ಲಿ ನಾನು ಕೊಂಡ ಮೊದಲ ದೊಡ್ಡ ವಸ್ತು ಆ ಕಾರು. ಎಂಜಿನಿನ ಗುಣಗಾನ ಮಾಡುವವರು ಈ ಮಾತನ್ನು ಬಿಟ್ಟುಬಿಡುತ್ತಾರೆ. ನನ್ನ ಪಾಲಿಗೆ ಅಸಲು ಇದೇ, ಎಂಜಿನ್ ಮೇಲಿನ ಬಡ್ಡಿ.

ಕೀ ಕೊಡುವ ದಿನ ನಮಗೂ ಆ ಕೂಗು, ಚಪ್ಪಾಳೆ, ಪೋಲರಾಯ್ಡ್ ಫೋಟೋ ಎಲ್ಲ ಆಯಿತು. ನಾನು ಸಂಕೋಚದಿಂದ ಕಂಬದ ಕಡೆಗೆ ಸರಿದೆ. ಫೋಟೋದಲ್ಲಿ ನನ್ನ ಅರ್ಧ ಮುಖ ಮಾತ್ರ ಇದೆ.

ಚರಿತ್ರೆ ಕೇಳಿದ್ದೀರಿ. ಜಪಾನಿನ ಸಣ್ಣ ಕಾರುಗಳ ಮುಂದೆ ಜನರಲ್ ಮೋಟಾರ್ಸ್ ಏದುಸಿರು ಬಿಡುತ್ತಿದ್ದ ಕಾಲ. ಅಧ್ಯಕ್ಷ ರೋಜರ್ ಸ್ಮಿತ್ 1985ರಲ್ಲಿ ಸ್ಯಾಟರ್ನ್ ಎಂಬ ಬೇರೆಯದೇ ಕಂಪನಿಯನ್ನು ಹುಟ್ಟುಹಾಕಿದರು. ಜನರಲ್ ಮೋಟಾರ್ಸ್‌ನ ತವರೂರು ಡೆಟ್ರಾಯಿಟಿನ ಗಾಳಿ ಸೋಕದಿರಲಿ ಎಂಬಂತೆ ಕಾರ್ಖಾನೆಯನ್ನು ಕಟ್ಟಿದ್ದು ಟೆನೆಸಿಯ ಸ್ಪ್ರಿಂಗ್ ಹಿಲ್‌ನಲ್ಲಿ, ಹೊಲಗದ್ದೆಗಳ ನಡುವೆ. ಕಾರ್ಮಿಕ ಸಂಘದೊಂದಿಗೆ ಮಾಡಿಕೊಂಡ ಒಪ್ಪಂದವೂ ಬೇರೆ ಥರದ್ದು: ಹಾಜರಿ ಗಡಿಯಾರವಿಲ್ಲ, ಕೆಲಸಗಾರರ ತಂಡಗಳೇ ತೀರ್ಮಾನಗಳಲ್ಲಿ ಪಾಲುದಾರರು, ಸಂಬಳದ ಒಂದು ಭಾಗ ಗುಣಮಟ್ಟ ಮತ್ತು ಉತ್ಪಾದನೆಯ ಗುರಿಗಳಿಗೆ ಕಟ್ಟಿದ್ದು. ಮೊದಲ ಕಾರು ಹೊರಬಂದದ್ದು 1990ರ ಜುಲೈ 30ರಂದು. ಮರುದಿನವೇ ರೋಜರ್ ಸ್ಮಿತ್ ನಿವೃತ್ತರಾದರು. ಮಗುವಿನ ಮುಖ ನೋಡಿದ ಕೂಡಲೇ ಅಪ್ಪ ಮನೆ ಬಿಟ್ಟಂತಾಯಿತು. ಮುಂದೆ ನಡೆದದ್ದಕ್ಕೆಲ್ಲ ಅಲ್ಲೇ ಬೀಜವಿದೆ ಎಂಬುದು ನನ್ನ ಅನುಮಾನ.

ಆದರೂ ಮೊದಲ ನಾಲ್ಕು ವರ್ಷ ಬಂಗಾರದಂಥವು. 1991ರಲ್ಲಿ ತಪ್ಪು ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ತುಂಬಿದ ಸುಮಾರು 1,800 ಕಾರುಗಳು ಹೊರಹೋಗಿದ್ದವು. ಅವನ್ನು ರಿಪೇರಿ ಮಾಡುವ ಗೋಜಿಗೇ ಹೋಗದೆ ಮಾಲೀಕರಿಗೆ ಬೇರೆ ಹೊಸ ಕಾರುಗಳನ್ನೇ ಕೊಟ್ಟರು. ಹಾಗೆ ನಡೆಸಿಕೊಂಡರೆ ಜನ ಮರೆಯುತ್ತಾರೆಯೇ? 1994ರ ಬೇಸಿಗೆಯಲ್ಲಿ ಕಾರ್ಖಾನೆಗೆ ಬನ್ನಿ ಎಂದು ಮಾಲೀಕರನ್ನೆಲ್ಲ ಕರೆದಾಗ ಸುಮಾರು 44,000 ಜನ ಸ್ಪ್ರಿಂಗ್ ಹಿಲ್‌ಗೆ ಬಂದರು. ರಜೆ ಹಾಕಿ, ಮಕ್ಕಳನ್ನು ಹಿಂದೆ ಕೂರಿಸಿಕೊಂಡು, ಬೇರೆ ಬೇರೆ ರಾಜ್ಯಗಳಿಂದ, ತಮ್ಮ ಕಾರು ಹುಟ್ಟಿದ ಜಾಗ ನೋಡಲು. ಜಾತ್ರೆ ಎಂದರೆ ಅದೇ. ನಾನು ಕೊಳ್ಳುವ ಹೊತ್ತಿಗೆ ತೇರು ಮುಂದೆ ಹೋಗಿಯಾಗಿತ್ತು. ಒಂದು ಭಾನುವಾರ ಹಸಿರು ಕಾರನ್ನು ಅಲ್ಲಿಗೆ ಓಡಿಸಿಕೊಂಡು ಹೋಗಿ, ಗೇಟಿನ ಎದುರು ನಿಲ್ಲಿಸಿ, ಎಣ್ಣೆ ಪರೀಕ್ಷಿಸಿ ವಾಪಸು ಬಂದೆ.

ಎಣ್ಣೆಯ ವಿಷಯ ಬಂತಲ್ಲ, ಈಗ ನಿಮ್ಮ ಮಗನ ಕಾರಿಗೆ ಬರೋಣ. 1.9 ಲೀಟರಿನ ಈ ಎಂಜಿನ್ ವಯಸ್ಸಾದಂತೆ ಎಣ್ಣೆ ಸುಡುತ್ತದೆ. ಸ್ಯಾಟರ್ನ್ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಸಂಗತಿ. ಪಿಸ್ಟನ್‌ನ ಎಣ್ಣೆ ರಿಂಗುಗಳಿಗೆ ಕಿಟ್ಟ ಹಿಡಿಯುತ್ತದೆ, ಎಣ್ಣೆ ಸದ್ದಿಲ್ಲದೆ ಉರಿದುಹೋಗುತ್ತದೆ, ಹೊಗೆಯೂ ಕಣ್ಣಿಗೆ ಬೀಳುವುದಿಲ್ಲ. ಎಣ್ಣೆ ತಳ ಕಂಡರೆ ಟೈಮಿಂಗ್ ಚೈನ್ ಹಾಳಾಗುತ್ತದೆ. ಹಾಗಾಗಿ ಪೆಟ್ರೋಲ್ ತುಂಬಿಸಿದಾಗಲೆಲ್ಲ ಡಿಪ್‌ಸ್ಟಿಕ್ (ಎಣ್ಣೆಯ ಮಟ್ಟ ನೋಡುವ ಕಡ್ಡಿ) ಎಳೆದು ನೋಡುವ ಅಭ್ಯಾಸ ಮಾಡಿಸಿ, ಡಿಕ್ಕಿಯಲ್ಲಿ ಒಂದು ಕ್ವಾರ್ಟ್ ಡಬ್ಬಿ ಸದಾ ಇರಲಿ. ಇಷ್ಟು ಮಾಡಿದರೆ ಆ ಎಂಜಿನ್ ಹೊರುವ ಎತ್ತಿನಂತೆ. ನಾಲ್ಕು ಸಾವಿರ ಸುತ್ತು ದಾಟಿದರೆ ಗಿರಣಿಯ ಹಾಗೆ ಗುರುಗುಟ್ಟುತ್ತದೆ, ರೇಡಿಯೋ ದೊಡ್ಡದು ಮಾಡಿಕೊಳ್ಳಬೇಕು. ಎಸ್‌ಎಲ್1ಕ್ಕೆ ಇರುವುದು ನೂರು ಅಶ್ವಶಕ್ತಿ. ಹದಿನೇಳರ ಹುಡುಗನಿಗೆ ಅಷ್ಟೇ ಸಾಕು, ನಿಮಗೂ ನಿದ್ದೆ ಬರುತ್ತದೆ. ಮ್ಯಾನುಯಲ್ ಆದ್ದರಿಂದ ಹೆದ್ದಾರಿಯಲ್ಲಿ ಗ್ಯಾಲನ್ನಿಗೆ 40 ಮೈಲಿಯ ಹತ್ತಿರಕ್ಕೆ ಬರುತ್ತದೆ.

ಬಾಗಿಲು, ಮಡ್‌ಗಾರ್ಡ್‌ಗಳು ಪ್ಲಾಸ್ಟಿಕ್ಕಿನವು. ಒಳಗಿನ ಉಕ್ಕಿನ ಚೌಕಟ್ಟಿಗೆ ಹೊರಗಿನಿಂದ ಕೂರಿಸಿದ ಹಲಗೆಗಳು. ಬಿಸಿಲಿಗೆ ಹಿಗ್ಗಲು ಜಾಗ ಬೇಕೆಂದು ಸಂದುಗಳನ್ನು ಅಗಲವಾಗಿ ಬಿಟ್ಟಿದ್ದಾರೆ. ಪಕ್ಕದಲ್ಲಿ ನಿಂತು ನೋಡಿದರೆ ಯಾರೋ ಅವಸರದಲ್ಲಿ ಜೋಡಿಸಿದಂತೆ ಕಾಣುತ್ತದೆ. ಆದರೆ ಅಂಗಡಿಯ ತಳ್ಳುಗಾಡಿ ಬಂದು ಗುದ್ದಿದರೂ ಬಾಗಿಲು ಒಳಗೆ ಹೋಗಿ ಮತ್ತೆ ಹೊರಗೆ ಬರುತ್ತದೆ. 2003ರ ಜನವರಿಯಲ್ಲಿ ನಾನೇ ಹಿಮದಲ್ಲಿ ಜಾರಿಸಿ ಅಂಚೆಪೆಟ್ಟಿಗೆಯ ಕಂಬಕ್ಕೆ ಕೊಟ್ಟೆ. ಚಳಿಗೆ ಸೆಟೆದಿದ್ದ ಮಡ್‌ಗಾರ್ಡ್ ಹಪ್ಪಳದ ಹಾಗೆ ಮುರಿಯಿತು. ಗುಜರಿಯಲ್ಲಿ ಅದೇ ಹಸಿರಿನದೊಂದು ಸಿಕ್ಕಿತು, ಶನಿವಾರ ಮಧ್ಯಾಹ್ನ ಸ್ಪ್ಯಾನರ್ ಹಿಡಿದು ನಾನೇ ಕೂರಿಸಿದೆ. ಶನಿವಾರವೇ, ನಿಮ್ಮ ಯಜಮಾನರಿಗೆ ಹೇಳಿ.

ಒಂದು ಎಚ್ಚರಿಕೆ. ಪ್ಲಾಸ್ಟಿಕ್ ತುಕ್ಕು ಹಿಡಿಯುವುದಿಲ್ಲವೆಂದು ಹೊರಗಿನ ಚಂದಕ್ಕೆ ಮರುಳಾಗಬೇಡಿ. ಓಹಿಯೋದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಕಾರನ್ನು ಎತ್ತಿಸಿ, ಬ್ರೇಕಿನ ಕೊಳವೆಗಳನ್ನೂ ಎಂಜಿನ್ ಹೊತ್ತಿರುವ ಉಕ್ಕಿನ ತೊಟ್ಟಿಲನ್ನೂ ಟಾರ್ಚ್ ಹಾಕಿ ನೋಡಿ. ಅವು ಗಟ್ಟಿಯಿದ್ದರೆ 1,500 ಡಾಲರ್ ಏನೂ ಹೆಚ್ಚಲ್ಲ.

ಲೆಕ್ಕದಪುಸ್ತಕ:

ಮೂರನೇಗೇರು ಅವರು ಜಾತ್ರೆಯ ಕತೆ ಹೇಳಿದರು, ದೇವಸ್ಥಾನದ ಖರ್ಚು ಹೇಳಲಿಲ್ಲ. ಸ್ಯಾಟರ್ನ್‌ಗೆ ತನ್ನದೇ ಎಂಜಿನ್, ತನ್ನದೇ ಗೇರ್ ಪೆಟ್ಟಿಗೆ, ತನ್ನದೇ ಕಾರ್ಖಾನೆ, ತನ್ನದೇ ಮಳಿಗೆಗಳು. ಜನರಲ್ ಮೋಟಾರ್ಸ್‌ನ ಬೇರಾವ ಕಾರಿನೊಂದಿಗೂ ಆ ಎಂಜಿನ್ ಹಂಚಿಕೆಯಾಗಲಿಲ್ಲ. ಮಾರುತ್ತಿದ್ದದ್ದು ಲಾಭ ಕಡಿಮೆ ಇರುವ ಸಣ್ಣ ಕಾರು. 1994ರಲ್ಲಿ ಮಾರಾಟ 2,86,000 ದಾಟಿತು. ಅದೇ ಶಿಖರ, ಮತ್ತೆ ಅಷ್ಟು ಎತ್ತರ ಏರಲಿಲ್ಲ. ಮೊದಲು ಯೋಜಿಸಿದ್ದು ವರ್ಷಕ್ಕೆ ಐದು ಲಕ್ಷ. ಹಾಕಿದ ಬಂಡವಾಳ ಶತಕೋಟಿಗಳ ಲೆಕ್ಕದಲ್ಲಿತ್ತು. ಜನರಲ್ ಮೋಟಾರ್ಸ್‌ನದೇ ಬೇರೆ ಬ್ರಾಂಡುಗಳಾದ ಷೆವ್ರೊಲೆ, ಪಾಂಟಿಯಾಕ್‌ನವರು "ನಮ್ಮ ತಟ್ಟೆಯ ಅನ್ನ ಅವರಿಗೇಕೆ" ಎಂದು ಗೊಣಗಿದ್ದರಲ್ಲಿ ಆಶ್ಚರ್ಯವಿಲ್ಲ. ಮಾಲೀಕರು ಅಪ್ಪಿ ಮುದ್ದಾಡಿದರೆ ಸಾಲದು, ಮುಂದಿನ ಕಾರಿಗೆ ದುಡ್ಡು ಹುಟ್ಟಬೇಕು.

ಮೂರನೇಗೇರು:

ಲೆಕ್ಕ ಸರಿ, ತೀರ್ಪು ಒಪ್ಪುವುದಿಲ್ಲ. ದುಡ್ಡು ಹುಟ್ಟಬೇಕಾದರೆ ಗಿರಾಕಿಗೆ ಎರಡನೆಯ ಕಾರು ತೋರಿಸಬೇಡವೇ? 1991ರಿಂದ 2002ರವರೆಗೆ ಮೈಮೇಲಿನ ಬಟ್ಟೆ ಬದಲಿಸಿ ಅದೇ ಎಸ್ ಸರಣಿಯನ್ನು (ನಿಮ್ಮ ಎಸ್‌ಎಲ್1, ನನ್ನ ಎಸ್‌ಎಲ್2 ಎರಡೂ ಅದರವೇ) ಮಾರಿದರು. 1998ರಲ್ಲಿ ನನಗೆ ಕಾರು ಮಾರಿದಾಕೆಗೆ ಮೂರು ವರ್ಷದ ನಂತರ ಫೋನ್ ಮಾಡಿ, ಮಗು ಹುಟ್ಟಿದೆ, ದೊಡ್ಡದು ಬೇಕು ಎಂದೆ. ಆಕೆಯ ಬಳಿ ಇದ್ದದ್ದು ಎಲ್ ಸರಣಿ: ಯೂರೋಪಿನ ಒಪೆಲ್ ವೆಕ್ಟ್ರಾದ ತಳಹದಿ, ತಯಾರಾದದ್ದು ಡೆಲವೇರ್‌ನ ವಿಲ್ಮಿಂಗ್ಟನ್‌ನಲ್ಲಿ. ಕೆಟ್ಟ ಕಾರೇನಲ್ಲ. ಬಿಸಿಯೂ ಅಲ್ಲ, ತಣ್ಣಗೂ ಅಲ್ಲ. ಓಡಿಸಿ ನೋಡಿ, ಧನ್ಯವಾದ ಹೇಳಿ, ಬೇರೆ ಅಂಗಡಿಗೆ ಹೋಗಿ ಜಪಾನಿನ ಕಾರು ಕೊಂಡೆ. ನನ್ನಂಥ ನಿಷ್ಠಾವಂತನೇ ಹೋದ ಮೇಲೆ ಉಳಿದವರ ಮಾತೇನು?

ಸ್ಯಾಟರ್ನ್‌ನ ಔರಾ ಎಂಬ ಕಾರು ಬರುವ ಹೊತ್ತಿಗೆ ಬಾಗಿಲು ಉಕ್ಕಿನದಾಗಿತ್ತು. 2007ರಲ್ಲಿ ಅದು ಉತ್ತರ ಅಮೆರಿಕದ ವರ್ಷದ ಕಾರು ಪ್ರಶಸ್ತಿಯನ್ನೂ ಗೆದ್ದಿತು, ಒಳ್ಳೆಯ ಕಾರು. ಆದರೆ ಅದೇ ವರ್ಷ ಸ್ಪ್ರಿಂಗ್ ಹಿಲ್‌ನಲ್ಲಿ ಸ್ಯಾಟರ್ನ್ ತಯಾರಿಕೆ ನಿಂತಿತು. ಅಲ್ಲಿಗೆ ಉಳಿದದ್ದು ಬೋರ್ಡು.

ಕೀಗೊಂಚಲು:

ಎಸ್ ಸರಣಿಯ ನಂತರ ಬಂದ ಅಯಾನ್ ಬಗ್ಗೆಯೂ ಒಂದು ಮಾತು. ಹಿತ್ತಲಗಿಡ ಅವರೇ, ನಿಮ್ಮದು 1999ರದಾದ್ದರಿಂದ ಇದು ತಟ್ಟುವುದಿಲ್ಲ. ಆದರೆ ಸ್ಯಾಟರ್ನ್ ಎಂದು ಹುಡುಕಿದರೆ ಅಯಾನ್‌ಗಳೂ ಅಗ್ಗಕ್ಕೆ ಕಾಣಿಸುತ್ತವೆ. 2014ರಲ್ಲಿ ಜನರಲ್ ಮೋಟಾರ್ಸ್ ಇಗ್ನಿಷನ್ ಸ್ವಿಚ್ ದೋಷಕ್ಕಾಗಿ ಹಿಂದಕ್ಕೆ ಕರೆದ ಸುಮಾರು 26 ಲಕ್ಷ ಸಣ್ಣ ಕಾರುಗಳಲ್ಲಿ 2003ರಿಂದ 2007ರವರೆಗಿನ ಅಯಾನ್ ಕೂಡ ಇತ್ತು. ಭಾರದ ಕೀಗೊಂಚಲು ಜೋತರೆ ಸಾಕು, ಓಡುತ್ತಿರುವಾಗಲೇ ಸ್ವಿಚ್ ಜಾರಿ ಎಂಜಿನ್ ಆರುತ್ತಿತ್ತು, ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತಿರಲಿಲ್ಲ. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳೇ 124. ಅಯಾನ್ ಕೊಳ್ಳುವುದಾದರೆ ಆ ರಿಪೇರಿ ಆಗಿದೆಯೇ ಎಂದು ಚಾಸಿಸ್ ಸಂಖ್ಯೆ ಹಾಕಿ ನೋಡದೆ ದುಡ್ಡು ಕೊಡಬೇಡಿ. ನನ್ನ ಹೆಸರಿನ ಕತೆಯೂ ಇದೇ.

ಇನ್ನು ಮುಚ್ಚಿದ ಕತೆ. 2009ರ ಜೂನ್ 1ರಂದು ಜನರಲ್ ಮೋಟಾರ್ಸ್ ದಿವಾಳಿ ಅರ್ಜಿ ಹಾಕಿತು. ಅದೇ ವಾರ ಕಾರು ಮಳಿಗೆಗಳ ದೊಡ್ಡ ಉದ್ಯಮಿ ರೋಜರ್ ಪೆನ್ಸ್ಕಿಯವರ ಕಂಪನಿ ಸ್ಯಾಟರ್ನ್ ಕೊಳ್ಳುತ್ತದೆ ಎಂಬ ಸುದ್ದಿ ಬಂತು. ಸ್ವಲ್ಪ ಕಾಲ ಜನರಲ್ ಮೋಟಾರ್ಸ್ ಕಾರು ಮಾಡಿಕೊಡುವುದು, ಆಮೇಲೆ ಬೇರೆ ತಯಾರಕರಿಂದ ತರಿಸುವುದು ಎಂಬ ಏರ್ಪಾಡು. ಹಾಗೆ ಕಾರು ಮಾಡಿಕೊಡಬೇಕಿದ್ದ ಫ್ರಾನ್ಸಿನ ರೆನೋ ಕಂಪನಿಯ ಆಡಳಿತ ಮಂಡಳಿ ಒಲ್ಲೆ ಎಂದಿತು. ಸೆಪ್ಟೆಂಬರ್ 30ಕ್ಕೆ ಮಾತು ಮುರಿಯಿತು. 2010ರ ಅಕ್ಟೋಬರ್ ಕೊನೆಗೆ ಮಳಿಗೆಗಳಿಗೆಲ್ಲ ಬೀಗ.

ಹಿತ್ತಲಗಿಡ:

ಎಲ್ಲರಿಗೂ ವಂದನೆ. ನಿನ್ನೆ ಕಾರನ್ನು ಎತ್ತಿಸಿ ನೋಡಿದೆವು. ತೊಟ್ಟಿಲು ಗಟ್ಟಿಯಿದೆ, ಹಿಂದಿನ ಬ್ರೇಕ್ ಕೊಳವೆ ಒಂದನ್ನು ಬದಲಿಸಬೇಕಂತೆ. ಡಿಪ್‌ಸ್ಟಿಕ್ ಎಳೆದಾಗ ಎಣ್ಣೆ ಕೆಳಗಿನ ಗೆರೆಗಿಂತ ಕೂದಲೆಳೆಯಷ್ಟು ಮೇಲಿತ್ತು. ಇದನ್ನು ಹೇಳಿದ್ದಕ್ಕೆ ಮೇಡಂ, "ಡಿಕ್ಕಿಯಲ್ಲಿ ಡಬ್ಬಿ ಇದೆಯಲ್ಲ" ಎಂದರು. ನಿಜವಾಗಿಯೂ ಇತ್ತು, ಅರ್ಧ ಖಾಲಿಯಾಗಿತ್ತು.

ಕೊಳವೆಯ ಖರ್ಚು ಕಳೆದು ಕೊಡಿ ಎಂದು ಕೇಳಲು ಬಾಯಿ ತೆರೆದೆ. "ನನ್ನ ಹತ್ತಿರ ಒಂದೇ ಬೆಲೆ" ಎಂದು ನಕ್ಕರು. 1,500 ಕೊಟ್ಟು ತಂದೆವು. ಫೋಟೋವನ್ನು ಅವರೇ ಇಟ್ಟುಕೊಳ್ಳಲಿ ಎಂದು ಹಿಂದಿರುಗಿಸಲು ಹೋದರೆ ಕಾರಿನಲ್ಲೇ ಇರಲಿ ಎಂದರು. ಯಜಮಾನರು ಇನ್ನೂ ಹತ್ತಿಲ್ಲ. ಮಗ ಮಾತ್ರ ಬೆಳಗಿನಿಂದ ಮನೆಯ ಮುಂದೆ ಒಂದನೇ ಗೇರಿನಲ್ಲಿ ಕಾರನ್ನು ಕುಪ್ಪಳಿಸುತ್ತಿದ್ದಾನೆ. ಮೂರನೇಗೇರು ಅವರೇ, ಕ್ಲಚ್ ಎಷ್ಟು ಮೇಲಕ್ಕೆ ಬಂದಾಗ ಹಿಡಿಯಬೇಕು? ಇವನದು ಪೂರ್ತಿ ಮೇಲಕ್ಕೆ ಬಂದ ಮೇಲೆ ಹಿಡಿಯುತ್ತಿದೆ.