ಓದುಗರ ಸ್ಪಂದನ: ‘ನಾನು ಯಾವ ಸಾಲಿಗೂ ಸೇರಿದವಳಲ್ಲ’

ಕಳೆದ ಸಂಚಿಕೆಯಲ್ಲಿ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ 27 ವರ್ಷದ ಓದುಗರೊಬ್ಬರು ತಮ್ಮ ಕಷ್ಟ ಹೇಳಿಕೊಂಡಿದ್ದರು. ಬಿ.ಎಡ್. ಓದುತ್ತಿದ್ದಾಗ ಅವರಿಗೆ ಬೈಪೋಲಾರ್ ಕಾಯಿಲೆ (ಮನಸ್ಸು ಒಮ್ಮೆ ವಿಪರೀತ ಏರುವುದು, ಒಮ್ಮೆ ವಿಪರೀತ ಕುಗ್ಗುವುದು) ಇರುವುದು ಗೊತ್ತಾಯಿತು. ಈಗ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಮತ್ತೆ ಆಸ್ಪತ್ರೆ ಸೇರುವ ಪರಿಸ್ಥಿತಿ ಬಂದಿಲ್ಲ. ಆದರೆ ಮದುವೆ, ಪೂಜೆ ಎಂದು ಹೋದರೆ ಎಲ್ಲರ ನಡುವೆ ತಾನೊಬ್ಬಳೇ ಬೇರೆ ಅನಿಸುತ್ತದೆ. ಆಸ್ಪತ್ರೆಯಲ್ಲಿ ಡಾಕ್ಟರಿಗಾಗಿ ಕಾಯುವಾಗ ಅಲ್ಲಿ ಕೂತವರ ಜೊತೆಗೂ ಸೇರಲಾಗುವುದಿಲ್ಲ. “ಹುಷಾರಿದ್ದವರಿಗೆ ನಾನು ಕಾಯಿಲೆಯವಳು. ಕಾಯಿಲೆಯವರಿಗೆ ನಾನು ಹುಷಾರಿರುವವಳು. ನಾನಿಲ್ಲದಿದ್ದರೆ ಮನೆಯವರಿಗಾದರೂ ನಿರಾಳ ಅಂತ ಕೆಲವು ರಾತ್ರಿ ಅನಿಸುತ್ತದೆ” ಎಂದು ಬರೆದಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ತಂಗೀ, ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ‘ನಾನಿಲ್ಲದಿದ್ದರೆ’ ಎಂಬ ಯೋಚನೆಯನ್ನು ಮುಂದಿನ ತಪಾಸಣೆಯ ತನಕ ಒಳಗೇ ಇಟ್ಟುಕೊಳ್ಳಬೇಡಿ. ಡಾಕ್ಟರಿಗೆ ಇವತ್ತೇ ತಿಳಿಸಿ. ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಅಂಥ ರಾತ್ರಿಗಳಲ್ಲಿ ಮಾತ್ರೆಯ ಡಬ್ಬ ಅವರ ಹತ್ತಿರವೇ ಇರಲಿ. ಯಾರನ್ನೂ ಎಬ್ಬಿಸಲು ಮನಸ್ಸಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಟೆಲಿ ಮಾನಸ್. ದುಡ್ಡು ಬೇಡ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡವೂ ಇದೆ. ಕೇರಳದ್ದೇ ಆದ ದಿಶಾ ಸಹಾಯವಾಣಿಯ ನಂಬರ್ 1056.

ನಾನು ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಮನೆ ಮನೆ ಸುತ್ತಿದ್ದೇನೆ. ಮದುವೆ ಹಾಲಿನಲ್ಲಿ ನೀವೊಬ್ಬರೇ ಬೇರೆ ಎಂದಿರಿ ಅಲ್ವಾ? ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ಕೇರಳವೂ ಸೇರಿ 12 ರಾಜ್ಯಗಳಲ್ಲಿ ಸಮೀಕ್ಷೆ ಮಾಡಿತ್ತು. ದೊಡ್ಡವರಲ್ಲಿ ನೂರಕ್ಕೆ 10.6 ಮಂದಿಗೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಆ ಲೆಕ್ಕ ಹಿಡಿದರೆ 500 ಜನ ಸೇರಿದ ಮದುವೆಯಲ್ಲಿ ಸುಮಾರು 50 ಮಂದಿ. ಎಲ್ಲರಿಗೂ ನಿಮ್ಮದೇ ಕಾಯಿಲೆ ಅಲ್ಲ, ಹೆಚ್ಚಿನವರು ಔಷಧಿಯನ್ನೂ ತೆಗೆದುಕೊಳ್ಳುತ್ತಿಲ್ಲ. ಹೊಸ ಸೀರೆ ಉಟ್ಟು ನಿಮ್ಮ ಹಾಗೆಯೇ ನಗಲು ಕಷ್ಟಪಡುತ್ತಾ ಕೂತಿರುತ್ತಾರೆ. ಅದು ನಿಮಗೆ ಕಾಣುವುದಿಲ್ಲ, ನಿಮ್ಮದು ಅವರಿಗೆ ಕಾಣುವುದಿಲ್ಲ.

ಇನ್ನೊಂದು, ನಮ್ಮ ಕಾಸರಗೋಡಿನವರದ್ದೇ ಕಷ್ಟ. ಹೊಟ್ಟೆನೋವನ್ನು ಮಲಯಾಳದಲ್ಲಿ ಹೇಳಲು ನಮಗೆಲ್ಲ ಬರುತ್ತದೆ. ಮನಸ್ಸಿನ ಒಳಗಿನದ್ದು ಹೇಳಲು ಹೊರಟರೆ ನಾಲ್ಕು ಮಾತಿಗೇ ತಡೆಯುತ್ತದೆ. ಡಾಕ್ಟರು ಕೇಳುತ್ತಾರೆ, ನಾವು “ಕುೞಪ್ಪಮಿಲ್ಲ” (ತೊಂದರೆ ಏನಿಲ್ಲ) ಎಂದು ಎದ್ದು ಬರುತ್ತೇವೆ. ನಿಮಗೂ ಹಾಗಾಗುತ್ತಿದ್ದರೆ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಕನ್ನಡವೋ ತುಳುವೋ ಬರುವ ಸಿಸ್ಟರ್ ಇದ್ದಾರಾ ಎಂದು ಕೇಳಿ. ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಇದ್ದೇ ಇರುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಡಾಕ್ಟರು ಗೊತ್ತುಮಾಡಿದ ದಿನ ಊರಿನ ಆರೋಗ್ಯ ಕೇಂದ್ರಗಳಿಗೂ ಬರುತ್ತಾರೆ. ನಿಮ್ಮ ಹತ್ತಿರದ ಕೇಂದ್ರಕ್ಕೆ ಯಾವ ದಿನ ಎಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ.

ಕಾನೂನೂ ನಿಮ್ಮ ಕಡೆಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 19ನೇ ಸೆಕ್ಷನ್, ಸಮಾಜದಲ್ಲಿ ಎಲ್ಲರ ನಡುವೆ ಬದುಕುವುದು ಕಾಯಿಲೆಯವರ ಹಕ್ಕು ಎನ್ನುತ್ತದೆ. ಮುಂದೆ ಕಾಯಿಲೆ ಜೋರಾದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಹುಷಾರಿದ್ದಾಗಲೇ ಬರೆದಿಡಬಹುದು. ನಿಮ್ಮ ಪರವಾಗಿ ಮಾತಾಡಲು ನಿಮಗೆ ನಂಬಿಕೆ ಇರುವ ಒಬ್ಬರ ಹೆಸರನ್ನೂ ಬರೆಯಬಹುದು. ಬರೆದಿಡಿ. ಆಮೇಲೆ ಬೇರೆಯವರು ನಿಮ್ಮ ವಿಷಯ ತೀರ್ಮಾನ ಮಾಡುತ್ತಾರೆ ಎಂಬ ಹೆದರಿಕೆ ಎಷ್ಟೋ ಕಡಿಮೆಯಾಗುತ್ತದೆ.

– ನಿವೃತ್ತ ಆರೋಗ್ಯ ಕಾರ್ಯಕರ್ತೆ, ಮುಳ್ಳೇರಿಯ

*

ನನಗೂ ಇದೇ ಕಾಯಿಲೆ. ಸ್ವಲ್ಪ ಅಡಿಕೆ ತೋಟ ಇದೆ, ಒಂದು ಅಂಗಡಿ ಇದೆ, ಇಬ್ಬರು ಮಕ್ಕಳಿದ್ದಾರೆ. ಊರಲ್ಲಿ ಕೆಲವರಿಗೆ ವಿಷಯ ಗೊತ್ತು, ಕೆಲವರಿಗೆ ಗೊತ್ತಿಲ್ಲ. “ಅವನಿಗೆ ಮಂಡೆ ಸಮ ಇಲ್ಲ” ಎಂದದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ.

‘ನಾನು ಬೇರೆ’ ಎಂದು ನೀವು ಎಲ್ಲವನ್ನೂ ಒಂದೇ ಗಂಟು ಕಟ್ಟಿಟ್ಟಿದ್ದೀರಿ. ಅದನ್ನು ಬಿಚ್ಚಿ ನೋಡಿ. ಸ್ವಲ್ಪ ಕಾಯಿಲೆಯದ್ದು, ಸ್ವಲ್ಪ ಮಾತ್ರೆಯದ್ದು, ಸ್ವಲ್ಪ ಊರಿನವರದ್ದು. ನಿಮ್ಮ ಸ್ವಭಾವ ಎನ್ನುವಂಥದ್ದು ಉಳಿದದ್ದರಲ್ಲಿ ಮಾತ್ರ ಇದೆ.

ಮೊದಲು ಮಾತ್ರೆಯ ವಿಷಯ. ಲಿಥಿಯಂ ತೆಗೆದುಕೊಳ್ಳುವ ಕೆಲವರಿಗೆ ಬೆರಳು ಸಣ್ಣಗೆ ನಡುಗುತ್ತದೆ. ನನಗೆ ಹಾಗಾಗುತ್ತಿತ್ತು. ಗೃಹಪ್ರವೇಶಕ್ಕೆ ಹೋದರೆ ಪಾನಕದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ಆದರೂ ತುಟಿಯ ಹತ್ತಿರ ಬರುವಾಗ ಅಂಗಿಯ ಮೇಲೆ ನಾಲ್ಕು ಹನಿ. ಎದುರು ಕೂತವರ ಕಣ್ಣು ಅಲ್ಲೇ ನಿಲ್ಲುತ್ತಿತ್ತು. ಅದಕ್ಕೇ ಸಮಾರಂಭಗಳಿಗೆ ಹೋಗುವುದನ್ನೇ ಬಿಟ್ಟೆ. ಡಾಕ್ಟರಿಗೆ ಹೇಳಿದ ಮೇಲೆ ರಕ್ತದಲ್ಲಿ ಲಿಥಿಯಂ ಎಷ್ಟಿದೆ ಎಂದು ನೋಡಿ ಮಾತ್ರೆಯ ಪ್ರಮಾಣ ಸ್ವಲ್ಪ ಇಳಿಸಿದರು. ನಡುಕ ಬಹಳ ಕಡಿಮೆಯಾಯಿತು. ಹಾಗೆಯೇ ಥೈರಾಯ್ಡ್. ಲಿಥಿಯಂನಿಂದ ಥೈರಾಯ್ಡ್ ಇಳಿಯುವುದುಂಟು. ಇಳಿದರೆ ಮೈ ಭಾರ, ಮಂಕು, ಯಾರ ಮಾತೂ ಬೇಡ ಅನಿಸುವುದು. ಅದನ್ನು ನಿಮ್ಮ ಸ್ವಭಾವ ಎಂದುಕೊಂಡು ವರ್ಷಗಟ್ಟಲೆ ಕೂರಬೇಡಿ, ಪರೀಕ್ಷೆ ಮಾಡಿಸಿ. ಕಿಡ್ನಿಯದ್ದೂ ನೋಡಿಸಬೇಕು. ಬೇಸಗೆಯಲ್ಲಿ ತೋಟಕ್ಕಿಳಿದು ಬೆವರಿದರೆ ನೀರು ಕುಡಿಯುತ್ತಿರಿ. ಮೈಕೈ ನೋವೆಂದು ಅಂಗಡಿಯಿಂದ ಸುಮ್ನೆ ನೋವಿನ ಮಾತ್ರೆ ತಂದು ನುಂಗಬೇಡಿ. ಕೆಲವು ನೋವಿನ ಮಾತ್ರೆಗಳು ರಕ್ತದಲ್ಲಿ ಲಿಥಿಯಂ ಏರಿಸುತ್ತವೆ. ಏನೇ ತೊಂದರೆ ಇದ್ದರೂ ನೀವಾಗಿ ಮಾತ್ರೆ ನಿಲ್ಲಿಸಬೇಡಿ. ನಿಲ್ಲಿಸಿದರೆ ಕಾಯಿಲೆ ತಿರುಗಿ ಬರುವ ಅಪಾಯ ಹೆಚ್ಚು.

ಎರಡನೆಯದು ಕಾಯಿಲೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ನಾನು ಹೊರೆ ಎಂಬ ಯೋಚನೆಗಳು ಮನಸ್ಸು ಕುಗ್ಗಿದಾಗ ಜೋರಾಗುತ್ತವೆ. ಆಸ್ಪತ್ರೆ ಸೇರುವಷ್ಟು ಇಲ್ಲ ಎಂದರೆ ಪೂರ್ತಿ ಹೋಯಿತು ಎಂದಲ್ಲ. ಅದರ ಬಾಲ ತಿಂಗಳುಗಟ್ಟಲೆ ಉಳಿಯುವುದುಂಟು. ಅದನ್ನೂ ಡಾಕ್ಟರಿಗೆ ಹೇಳುವ ಪಟ್ಟಿಯಲ್ಲಿ ಸೇರಿಸಿ.

ನಿದ್ದೆಯ ವಿಷಯದಲ್ಲಿ ಮಾತ್ರ ನಾನು ಬೇರೆಯೇ, ಒಪ್ಪಿಕೊಂಡಿದ್ದೇನೆ. ಈ ಕಾಯಿಲೆಯವರಿಗೆ ಒಂದೆರಡು ರಾತ್ರಿ ನಿದ್ದೆಗೆಟ್ಟರೂ ಏರುಪೇರಾಗಬಹುದು. ನಮ್ಮೂರಲ್ಲಿ ನೋಡಿದರೆ ಎಲ್ಲವೂ ರಾತ್ರಿಯೇ. ಯಕ್ಷಗಾನದ ಆಟ, ದೈವಗಳ ಕೋಲ, ತೆಯ್ಯಂ ಎಲ್ಲ ಹೆಚ್ಚಾಗಿ ಬೆಳಗಿನ ತನಕ. ಚಿಕ್ಕಂದಿನಿಂದ ಯಕ್ಷಗಾನದ ಹುಚ್ಚಿದ್ದವನು ನಾನು. ಪೂರ್ತಿ ಬಿಟ್ಟರೆ ಊರನ್ನೇ ಬಿಟ್ಟ ಹಾಗೆ. ಹಾಗಾಗಿ ಹೋಗುತ್ತೇನೆ, ಪೀಠಿಕೆಯಿಂದ ಕೂತು ನೋಡುತ್ತೇನೆ, ಹತ್ತೂವರೆಗೆ ಎದ್ದು ಬರುತ್ತೇನೆ. “ಈಗ ಹೊರಟಿರಾ? ಒಳ್ಳೇ ವೇಷ ಬರಲಿಕ್ಕಿದೆ” ಎನ್ನುತ್ತಾರೆ. “ನಿದ್ದೆ ಕೆಟ್ಟರೆ ನನಗೆ ಆಗುವುದಿಲ್ಲ ಮಾರಾಯ್ರೇ” ಎನ್ನುತ್ತೇನೆ. ಅಲ್ಲಿಗೆ ಮುಗಿಯಿತು, ಮತ್ತೆ ಯಾರೂ ಕೇಳುವುದಿಲ್ಲ. ಮರುದಿನ ಅಂಗಡಿಗೆ ಬಂದವರು ಉಳಿದ ಕಥೆ ಹೇಳಿ ಹೋಗುತ್ತಾರೆ.

ಇನ್ನು ಆಸ್ಪತ್ರೆಯಲ್ಲಿ ಕಾಯುವಾಗಿನದ್ದು. ಇದನ್ನು ಬೈದದ್ದು ಎಂದುಕೊಳ್ಳಬೇಡಿ. ಅಲ್ಲಿ ಒಬ್ಬರು ತಮ್ಮಷ್ಟಕ್ಕೇ ಮಾತಾಡುತ್ತಿರುತ್ತಾರೆ, ಇನ್ನೊಬ್ಬರು ಗೋಡೆ ನೋಡುತ್ತಾ ಕೂತಿರುತ್ತಾರೆ. ನಮಗೆ ಒಳಗೊಳಗೇ ಹೆದರಿಕೆ, ನಾನೂ ಹೀಗಾಗುತ್ತೇನಾ ಎಂದು. ಅದಕ್ಕೇ ಒಂದು ಕುರ್ಚಿ ಬಿಟ್ಟು ಕೂರುತ್ತೇವೆ. ಮದುವೆ ಮನೆಯಲ್ಲಿ ನಮ್ಮಿಂದ ದೂರ ಕೂರುವವರಿಗೂ ಇದೇ ಹೆದರಿಕೆ ಇರುತ್ತದೆ. ಮುಂದಿನ ಸಲ ಪಕ್ಕದವರನ್ನು “ಎಲ್ಲಿಂದ ಬಂದಿರಿ? ಬಸ್ ಸಿಕ್ಕಿತಾ?” ಎಂದಷ್ಟೇ ಕೇಳಿ. ಕಾಯಿಲೆಯ ಸುದ್ದಿ ಬೇಡ. ನನಗೆ ಅಲ್ಲಿ ಪರಿಚಯವಾದ ಕುಂಜತ್ತೂರಿನ ಒಬ್ಬರು ಈಗಲೂ ಹಬ್ಬಕ್ಕೆ ಫೋನ್ ಮಾಡುತ್ತಾರೆ.

2020ರ ಮಾರ್ಚಿನಲ್ಲಿ ಕೊರೊನಾದಿಂದಾಗಿ ಕರ್ನಾಟಕ-ಕೇರಳದ ತಲಪಾಡಿ ಗಡಿ ಮುಚ್ಚಿದಾಗ ನನ್ನ ಡಾಕ್ಟರು ಮಂಗಳೂರಿನಲ್ಲಿ, ನಾನು ಇಲ್ಲಿ. ಮಾತ್ರೆ ಮುಗಿಯುತ್ತಾ ಬಂತು. ನಮ್ಮ ಭಜನಾ ಸಂಘದವರೊಬ್ಬರು ಔಷಧಿ ತಂದುಕೊಡುವ ಕೆಲಸಕ್ಕೆ ನಿಂತಿದ್ದರು. ಬೇರೆ ದಾರಿ ಇರಲಿಲ್ಲ, ಖಾಲಿ ಸ್ಟ್ರಿಪ್ ಮತ್ತು ಚೀಟಿ ಅವರ ಕೈಗೆ ಕೊಟ್ಟೆ. ಅವರು ಸ್ಟ್ರಿಪ್ಪನ್ನು ತಿರುಗಿಸಿ ನೋಡಿದರು. “ನನ್ನ ಅತ್ತಿಗೆಗೂ ಇದೇ ಮಾತ್ರೆ. ಎಲ್ಲಿ ಸಿಗುತ್ತದೆ ಎಂದು ನನಗೆ ಗೊತ್ತುಂಟು” ಎಂದರು. ಅದೆಷ್ಟೋ ವರ್ಷದಿಂದ ಒಟ್ಟಿಗೆ ತಾಳ ಹಾಕಿದವರು ನಾವು. ಸಂಜೆ ಮಾತ್ರೆ ತಂದುಕೊಟ್ಟು, ಇಲ್ಲೇ ಹತ್ತಿರ ಒಬ್ಬ ಡಾಕ್ಟರನ್ನೂ ಇಟ್ಟುಕೊಳ್ಳಿ ಎಂದು ಬುದ್ಧಿ ಹೇಳಿ ಹೋದರು. ಹಾಗೇ ಮಾಡಿದ್ದೇನೆ.

– ಕೃಷಿಕ, ಕುಂಬಳೆ

*

ನನಗೆ 22 ವರ್ಷ, ಆತಂಕದ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದೇನೆ. ಇಂಥ ಪತ್ರ ಬಂದಾಗೆಲ್ಲ “ಧೈರ್ಯವಾಗಿ ಎಲ್ಲರಿಗೂ ಹೇಳಿಬಿಡಿ” ಎಂದು ಬರೆಯುವವರು ಜಾಸ್ತಿ. ನನಗೆ ಅದು ಸರಿ ಕಾಣುವುದಿಲ್ಲ. ನಮ್ಮದು ಸಣ್ಣ ಊರು. ಹೇಳಿದ ಮಾತನ್ನು ವಾಪಸು ತೆಗೆದುಕೊಳ್ಳಲು ಆಗುವುದಿಲ್ಲ. ಸಕ್ಕರೆ ಕಾಯಿಲೆಯವರು ಮದುವೆ ಮನೆಯಲ್ಲಿ ಮೈಕ್ ಹಿಡಿದು ಹೇಳುತ್ತಾರಾ? ಇಬ್ಬರಿಗೆ ಗೊತ್ತಿದ್ದರೆ ಸಾಕು, ಅವರು ಸರಿಯಾದ ಇಬ್ಬರಾಗಿರಬೇಕು ಅಷ್ಟೇ. ನನ್ನ ಇಬ್ಬರಲ್ಲಿ ಒಬ್ಬಳು ಹಾಸ್ಟೆಲ್ ಗೆಳತಿ. ನನಗೆ ಎದೆ ಹೊಡೆದುಕೊಳ್ಳಲು ಶುರುವಾದರೆ ಅವಳು ಏನೂ ಕೇಳುವುದಿಲ್ಲ. “ಬಾ, ನೀರು ತುಂಬಿಸಿಕೊಂಡು ಬರುವ” ಎಂದು ಬಾಟಲಿ ಹಿಡಿದು ಹೊರಗೆ ಕರೆದುಕೊಂಡು ಹೋಗುತ್ತಾಳೆ.

– ಕಾಲೇಜು ವಿದ್ಯಾರ್ಥಿನಿ, ಮಂಜೇಶ್ವರ

*

ಕಾಯಿಲೆ ನನ್ನ ತಮ್ಮನಿಗೆ, ಸ್ಕಿಜೋಫ್ರೇನಿಯಾ. ಅವನು ಬರೆಯುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ. ನಿಮ್ಮ ಪತ್ರವನ್ನು ಅವನಿಗೆ ಓದಿ ಹೇಳಿದೆ. “ಹೌದು, ಹಾಗೆಯೇ” ಎಂದ. ಅವನ ಬಾಯಿಂದ ಅಷ್ಟು ಬರುವುದೇ ದೊಡ್ಡದು.

ನಮ್ಮ ಮನೆಯಲ್ಲಿ ಜ್ಯೋತಿಷಿಗಳಿಂದ ಪ್ರಶ್ನೆ ಇಡಿಸಿದ್ದೇವೆ, ದೈವಕ್ಕೆ ಹರಕೆ ಹೇಳಿದ್ದೇವೆ, ಡಾಕ್ಟರಿಗೂ ತೋರಿಸಿದ್ದೇವೆ. ಅಮ್ಮನಿಗೆ ಹರಕೆಯಿಂದ ಸಮಾಧಾನ, ತಮ್ಮನಿಗೆ ಮಾತ್ರೆಯಿಂದ ನಿದ್ದೆ. ಒಂದಕ್ಕಾಗಿ ಇನ್ನೊಂದನ್ನು ಬಿಡಲಿಲ್ಲ. ನೆಂಟರು ಬಂದಾಗ ಅವರೆದುರು “ಮಾತ್ರೆ ತಿಂದೆಯಾ?” ಎಂದು ಕೇಳಬಾರದು ಎಂಬುದನ್ನು ಮಾತ್ರ ಮನೆಯವರೆಲ್ಲ ಸೇರಿ ನಿಯಮ ಮಾಡಿಕೊಂಡೆವು. ನಿಮ್ಮ ಮನೆಯವರೂ ಹಾಗೆ ಕೇಳುತ್ತಿದ್ದರೆ ಬೇಡ ಎಂದು ಹೇಳಿ. ಪ್ರೀತಿಯಿಂದಲೇ ಕೇಳುತ್ತಾರೆ, ಆದರೆ ಕೂತಲ್ಲೇ ಮುದುಡುವ ಹಾಗಾಗುತ್ತದೆ.

ಅವನಿಗೆ ಮಾತಾಡುವ ಜಾಗಗಳೇ ಕಷ್ಟ. ಏನು ಕೆಲಸ, ಮದುವೆ ಯಾವಾಗ, ಮುಗಿಯುವುದೇ ಇಲ್ಲ. ಆದರೆ ದೇವಸ್ಥಾನದ ಉತ್ಸವಕ್ಕೆ ಹಿಂದಿನ ದಿನವೇ ಹೋಗುತ್ತಾನೆ. ಅಲ್ಲಿ ಊಟಕ್ಕೆ ಬಾಳೆಲೆ ಸರಿಮಾಡುವ ಕೆಲಸ ಅವನದ್ದು. ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆಯ ಎರಡೂ ಕಡೆ ಒರೆಸುತ್ತಾನೆ. ಹರಿದದ್ದು ಬೇರೆ, ತುದಿ ಇರುವ ಕೊಡಿ ಎಲೆ ಬೇರೆ. ತುದಿಗಳೆಲ್ಲ ಒಂದೇ ಕಡೆ ಬರುವ ಹಾಗೆ ಜೋಡಿಸಿ ಬಾಳೆಯ ನಾರಿನಲ್ಲಿ ಕಟ್ಟು ಹಾಕುತ್ತಾನೆ. ಸಾಲಾಗಿ ಕೂತ ನಾಲ್ಕೈದು ಜನರೂ ತಲೆ ತಗ್ಗಿಸಿ ಇದನ್ನೇ ಮಾಡುತ್ತಿರುತ್ತಾರೆ. ಯಾರಾದರೂ ಮಾತಾಡಿದರೆ ಎಲೆಯ ವಿಷಯ, ಮಳೆಯ ವಿಷಯ. ಸಣ್ಣ ಎಲೆ ಬಂದರೆ ಇವನೇ ಗದರುತ್ತಾನೆ. ಈಗ ಉತ್ಸವ ಹತ್ತಿರವಾದರೆ ಸಮಿತಿಯವರು ಅವನಿಗೇ ಫೋನ್ ಮಾಡುತ್ತಾರೆ, ಎಷ್ಟು ಎಲೆ ಹೇಳಬೇಕು ಎಂದು. ಅವನ ಕಾಯಿಲೆ ಅವರಿಗೆ ಗೊತ್ತು. ಆ ಫೋನ್ ಬಂದ ದಿನ ಅವನು ಬೆಳಗ್ಗೆ ತಾನಾಗಿ ಎದ್ದು ಶೇವ್ ಮಾಡಿಕೊಳ್ಳುತ್ತಾನೆ.

ನೀವು ಬಿ.ಎಡ್. ಓದಿದವರು. ಮಕ್ಕಳಿಗೆ ಕನ್ನಡ ಹೇಳಿಕೊಡುವವರು ನಮ್ಮ ಕಡೆ ಎಷ್ಟು ಬೇಕಾಗಿದ್ದಾರೆ ಎಂದು ನಿಮಗೇ ಗೊತ್ತು. ಶಾಲೆಯ ಕೆಲಸ ಸಿಗುವ ತನಕ ಕಾಯಬೇಕೆಂದಿಲ್ಲ. ನನ್ನ ಮಗಳು ಮತ್ತು ಪಕ್ಕದ ಮನೆಯ ಹುಡುಗ ಐದನೇ ಕ್ಲಾಸ್, ಕನ್ನಡ ಮಾಧ್ಯಮ. ಇಬ್ಬರಿಗೂ ಒತ್ತಕ್ಷರ ತಪ್ಪುತ್ತದೆ. ಶನಿವಾರ ಮಧ್ಯಾಹ್ನ ಒಂದು ಗಂಟೆ ನಿಮಗೆ ಆದೀತಾ? ಬದಿಯಡ್ಕದಿಂದ ಪೆರ್ಲಕ್ಕೆ ಬಸ್ಸಿದೆ. ಆಗದ ವಾರ ಆಗುವುದಿಲ್ಲ ಎಂದು ಮೆಸೇಜ್ ಹಾಕಿದರೆ ಸಾಕು, ಕಾರಣ ಬೇಡ. ನನ್ನ ನಂಬರನ್ನು ಸಂಪಾದಕರ ಹತ್ತಿರ ಕೊಟ್ಟಿದ್ದೇನೆ.

– ಗೃಹಿಣಿ, ಪೆರ್ಲ