ಹಳೇ ಝೆನ್: ಊರೊಳಗೆ ಸುಮ್ಮನಿರುತ್ತೆ, ಖಂಬಾಟ್ಕಿ ಹತ್ತುವಾಗ ಕುದಿಯುತ್ತೆ

ಕೋಥ್ರೂಡ್ ಮೈಸೂರಿಗ:

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿದ್ದೀನಿ. 2002ರ ಪೆಟ್ರೋಲ್ ಮಾರುತಿ ಝೆನ್ ಕಾರು, ಮಾವನವರ ಗಾಡಿ. 15 ವರ್ಷ ಮುಗಿದ ಮೇಲೆ ರೀ-ರಿಜಿಸ್ಟ್ರೇಷನ್ ಮಾಡಿಸಿ, ಗ್ರೀನ್ ಟ್ಯಾಕ್ಸ್ (ಹಳೇ ಗಾಡಿಗೆ ಹಾಕೋ ತೆರಿಗೆ) ಕಟ್ಟಿ ಇಟ್ಕೊಂಡಿದ್ದೀನಿ. ಮಾರೋ ಮಾತೆತ್ತಿದರೆ ಮನೆಯಲ್ಲಿ ಮುಖ ಊದುತ್ತೆ.

ಕರ್ವೆ ರೋಡ್ ಟ್ರಾಫಿಕ್‌ನಲ್ಲಿ, ಚಾಂದನಿ ಚೌಕದ ಜಾಮ್‌ನಲ್ಲಿ, ಏಸಿ ಹಾಕಿದ್ರೂ ಇಂಜಿನ್ ಬಿಸಿ ತೋರಿಸೋ ಮುಳ್ಳು ಅರ್ಧ ದಾಟಲ್ಲ. ಫ್ಯಾನ್ ಸಮಯಕ್ಕೆ ಸರಿಯಾಗಿ ತಿರುಗುತ್ತೆ, ನಿಲ್ಲುತ್ತೆ. ಆದರೆ ಹುಬ್ಬಳ್ಳಿಗೆ ಹೊರಟು ಶಿರವಳ ದಾಟಿ ಖಂಬಾಟ್ಕಿ ಘಾಟ್ ಹತ್ತೋಕೆ ಶುರು ಮಾಡಿದ್ದೇ ತಡ, ಮುಳ್ಳು ಕೆಂಪು ಗೆರೆಗೆ ಓಡುತ್ತೆ. ನಿಲ್ಲಿಸಿ ಬಾನೆಟ್ ಎತ್ತಿದರೆ ರಿಸರ್ವ್ ಬಾಟಲಿಯಲ್ಲಿ ಗುಳುಗುಳು. ಸಮತಟ್ಟು ರಸ್ತೆಯಲ್ಲೂ 90ರ ಮೇಲೆ ಓಡಿಸಿದ್ರೆ ನಿಧಾನಕ್ಕೆ ಏರುತ್ತೆ. ವಾಪಸ್ ಬರುವಾಗ ಸುರಂಗದ ದಾರಿ, ಅಲ್ಲಿ ಅಷ್ಟು ತೊಂದರೆ ಇಲ್ಲ.

ಗ್ಯಾರೇಜಿನವರು ಮೊದಲು ಥರ್ಮೋಸ್ಟಾಟ್ (ಬಿಸಿ ನೋಡಿ ರೇಡಿಯೇಟರಿಗೆ ನೀರು ಬಿಡೋ ವಾಲ್ವ್) ಬದಲಾಯಿಸಿದ್ರು. ಆಮೇಲೆ ರೇಡಿಯೇಟರ್ ಕ್ಯಾಪ್. ಆಮೇಲೆ ಫ್ಯಾನ್ ರಿಲೇ (ಫ್ಯಾನಿಗೆ ಕರೆಂಟ್ ಬಿಡೋ ಸ್ವಿಚ್). ಈಗ "ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಬೇಕು" ಅಂತಾರೆ. ಅಂದ್ರೆ ಇಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲ್ ಹೋಗಿದೆ ಅಂತ. ಆದರೆ ಬಿಳಿ ಹೊಗೆ ಇಲ್ಲ, ಆಯಿಲ್ ಗೇಜ್ ಕಡ್ಡಿ ಎಳೆದು ನೋಡಿದ್ರೆ ಆಯಿಲ್ ಶುದ್ಧವಾಗಿದೆ. ಇಳಿಸೋದಾ, ಬೇಡ್ವಾ?

ಭೋಸರಿ ಕಾಕಾ:

ಇಳಿಸಬ್ಯಾಡ್ರಿ. ಸದ್ಯಕ್ಕ ಅವರ ಕೈಗೆ ಸ್ಪ್ಯಾನರ್ ಕೊಡಬ್ಯಾಡ್ರಿ.

ಮೊದಲ ಒಂದ ಮಾತು ತಿಳ್ಕೊರಿ. ಗಾಡಿ ಯಾವಾಗ ಕಾಯ್ತೈತಿ ಅನ್ನೂದ ಅರ್ಧ ಉತ್ತರ. ನಿಂತಾಗ ಕಾದು, ಓಡಿದ ಕೂಡ್ಲೆ ತಣ್ಣಗಾದ್ರ ಫ್ಯಾನಿನ ಕಡೆ ನೋಡಬೇಕು: ಮೋಟರ್, ರಿಲೇ, ಟೆಂಪರೇಚರ್ ಸ್ವಿಚ್. ನಿಮ್ಮದು ಉಲ್ಟಾ. ನಿಂತಾಗ ಛಲೋ, ಜೋರು ಎಳೆದಾಗ ಕಾಯ್ತೈತಿ. ಅಂದ್ರ ಇಂಜಿನ್ ಹುಟ್ಟಿಸೋ ಅಷ್ಟು ಶಾಖ ಹೊರಗ ಹಾಕೂ ತಾಕತ್ತು ರೇಡಿಯೇಟರಿಗೆ ಉಳಿದಿಲ್ಲ, ಇಲ್ಲಾ ಅದರೊಳಗ ನೀರ ಬೇಕಾದಷ್ಟು ಹರೀವಲ್ದು. ಇದ ಗೊತ್ತಿದ್ದವ ಫ್ಯಾನ್ ರಿಲೇ ಮುಟ್ಟತಿರಲಿಲ್ಲ. ಆ ಬಿಲ್ ದಂಡ.

ಈಗ ಗ್ಯಾಸ್ಕೆಟ್ ಮಾತು. ಬಾಟಲ್ಯಾಗ ಗುಳುಗುಳು ಅಂದ ಮಾತ್ರಕ್ಕ ಗ್ಯಾಸ್ಕೆಟ್ ಅಲ್ಲ, ಕುದ್ದ ನೀರೂ ಗುಳುಗುಳು ಅಂತೈತಿ. ನೋಡೂದು ಹಿಂಗ: ಮುಂಜಾನೆ ಇಂಜಿನ್ ಪೂರಾ ತಣ್ಣಗಿದ್ದಾಗ ಕ್ಯಾಪ್ ತಗದು, ಚಾಲೂ ಮಾಡಿ, ರೇಡಿಯೇಟರ್ ಬಾಯಿ ನೋಡ್ರಿ. ಒಂದೆರಡು ಗುಳ್ಳಿ ಬಂದು ನಿಂತ್ರ ಅದು ಒಳಗಿನ ಗಾಳಿ. ನಿಲ್ಲದ ಸಣ್ಣ ಗುಳ್ಳಿ ಬರ್ತಾನ ಇದ್ರ, ರೇಸ್ ಕೊಟ್ಟಾಗ ಇನ್ನೂ ಜಾಸ್ತಿ ಆದ್ರ, ಅದು ಸಿಲಿಂಡರಿನ ಗ್ಯಾಸ್. ಇನ್ನೊಂದು ದಿನ ಕ್ಯಾಪ್ ಹಾಕೇ ಚಾಲೂ ಮಾಡಿ, ನೀರ ಕಾಯೂಕಿಂತ ಮೊದಲ ರೇಡಿಯೇಟರಿನ ಮ್ಯಾಲಿನ ಹೋಸ್ (ರಬ್ಬರ್ ಪೈಪ್) ಹಿಚುಕ್ರಿ. ಎರಡ ನಿಮಿಷದಾಗ ಕಲ್ಲಾದ್ರ ಅನುಮಾನ ಪಡ್ರಿ. ಪೂರಾ ಖಾತ್ರಿ ಬೇಕಂದ್ರ ನೀಲಿ ದ್ರಾವಣದ ಟೆಸ್ಟ್ ಐತಿ, ರೇಡಿಯೇಟರ್ ಬಾಯಿಗೆ ಹಿಡೀತಾರ, ಎಕ್ಸಾಸ್ಟ್ ಗ್ಯಾಸ್ ಇದ್ರ ಹಳದಿ ಆಗ್ತೈತಿ. ಹೆಡ್ ಇಳಿಸೂ ಖರ್ಚಿನ ಮುಂದ ಅದು ಏನೂ ಅಲ್ಲ.

ಗುಳ್ಳಿ ಇಲ್ಲಂದ್ರ ಕೆಳಗಿನ ಹೋಸ್. ಗಾಡಿ ಕಾದ ಮ್ಯಾಲ ಒಬ್ಬರನ್ನ ಕೂಡ್ರಿಸಿ 3000 ಆರ್‌ಪಿಎಂ ಸುಮಾರು ಹಿಡಿಸ್ರಿ, ನೀವು ದೂರ ನಿಂತು ನೋಡ್ರಿ, ಕೈ ಒಯ್ಯಬ್ಯಾಡ್ರಿ. ಪಂಪ್ ನೀರ ಎಳಿಯೂದು ಆ ಕಡಿಂದ. ಹಳೇ ಹೋಸ್ ಮೆತ್ತಗಾಗಿದ್ರ ಒಳಕ್ಕ ಚಪ್ಪಟಿ ಆಗ್ತೈತಿ. ಐಡಲ್‌ನ್ಯಾಗ ಮತ್ತ ದುಂಡಗ. ಎಷ್ಟೋ ಮಂದಿ ಕಣ್ಣಿಗೆ ಇದು ಬೀಳೂದ ಇಲ್ಲ.

ಅದೂ ಛಲೋ ಇದ್ರ ರೇಡಿಯೇಟರ್. ಕಾದ ಗಾಡಿ ಬಂದ್ ಮಾಡಿ, ಫ್ಯಾನಿನ ಕನೆಕ್ಟರ್ ಕಳಚಿ (ಬಂದ್ ಇದ್ದಾಗ್ಲೂ ಕೆಲವು ಗಾಡ್ಯಾಗ ಫ್ಯಾನ್ ತಿರುಗ್ತೈತಿ, ಬೆರಳು ಹುಷಾರ್), ಇನ್ಫ್ರಾರೆಡ್ ಗನ್ (ಮುಟ್ಟದ ಬಿಸಿ ಅಳಿಯೂದು) ಹಿಡಿದು ಇಡೀ ಕೋರ್, ಅಂದ್ರ ರೇಡಿಯೇಟರಿನ ಟ್ಯೂಬ್ ಇರೂ ನಡುಭಾಗ, ಅಳೀರಿ. ನೀರ ಬರೂ ಕಡಿಂದ ಹೊರಡೂ ಕಡಿಗೆ ಬಿಸಿ ಸಾವಕಾಶ ಇಳೀಬೇಕು. ನಡುವ ತಣ್ಣನ್ನ ಪಟ್ಟಿ ಇದ್ರ ಅಲ್ಲಿ ಟ್ಯೂಬ್ ಕಟ್ಟೈತಿ.

ಒಂದು ಪ್ರಶ್ನೆ: ಇಷ್ಟು ವರ್ಷ ಒಳಗ ಏನ ಹಾಕ್ತಿದ್ರಿ? ಕೂಲಂಟೋ, ನಳದ ನೀರೋ?

ಪೊಂಡಾ ಭಟ್ರು:

ಕಾಕಾ ಹೇಳಿದ್ದು ಸರಿ. ಒಳಗೆ ನೋಡೋ ಮೊದಲು ಹೊರಗೂ ಒಂದು ಸಲ ನೋಡಿ ಮಾರಾಯ್ರೇ. ಏಸಿ ಕಂಡೆನ್ಸರ್ (ರೇಡಿಯೇಟರ್ ಮುಂದಿರುವ ಏಸಿಯ ಜಾಲರಿ), ರೇಡಿಯೇಟರ್ ಎರಡರ ನಡುವಿನ ಸಂದಿ ಮುಂದಿನಿಂದ ಕಾಣುವುದಿಲ್ಲ. ಗೋವಾದ ಮಳೆಗಾಲದ ಕೆಂಪು ಮಣ್ಣು, ಸತ್ತ ಹುಳ, ಎಲೆಪುಡಿ ಎಲ್ಲ ಸೇರಿ ನನ್ನ ಗಾಡಿಯಲ್ಲಿ ಅಲ್ಲೊಂದು ರೊಟ್ಟಿ ಆಗಿತ್ತು. ಹಿಂದಿನಿಂದ ಮುಂದಕ್ಕೆ ನೀರು ಬಿಡಿ, ಪ್ರೆಶರ್ ಗನ್ ಬೇಡ, ಫಿನ್ (ತೆಳು ಲೋಹದ ಪಟ್ಟಿ) ಮಡಚಿಹೋಗುತ್ತದೆ. ಕಡಲ ಗಾಳಿಗೆ ಇಲ್ಲಿ ಫಿನ್‌ಗಳೇ ಪುಡಿಯಾಗುವುದೂ ಉಂಟು. ಬೆರಳು ತಾಗಿಸಿದರೆ ಉದುರಿದರೆ ತೊಳೆದು ಪ್ರಯೋಜನ ಇಲ್ಲ.

ಠಾಣೆ ಡ್ರೈವರ್:

ಘಾಟ್‌ನಲ್ಲಿ ಸಿಕ್ಕಿಬಿದ್ರೆ ಏಸಿ ಬಂದ್, ಹೀಟರ್ ಫುಲ್ ಬಿಸಿ, ಬ್ಲೋವರ್ ಫುಲ್, ಕಿಟಕಿ ಕೆಳಗೆ. ಬೆವರು ಸುರಿಯುತ್ತೆ, ಆದ್ರೆ ಮುಳ್ಳು ಇಳಿಯುತ್ತೆ. ಇಳೀದಿದ್ರೆ ಸೈಡಿಗೆ ಹಾಕಿ ಬಂದ್ ಮಾಡಿ. ಕ್ಯಾಪ್ ಮುಟ್ಟಬೇಡಿ, ತಣ್ಣೀರು ಸುರೀಬೇಡಿ. ಥರ್ಮೋಸ್ಟಾಟ್ ತೆಗೆದು ಬಿಸಾಡಿ ಅಂತ ಯಾರಾದ್ರೂ ಹೇಳಿದ್ರೆ ಕೇಳಬೇಡಿ.

ಕೋಥ್ರೂಡ್ ಮೈಸೂರಿಗ:

ಕಾಕಾ, ಗುಳ್ಳೆ ಇಲ್ಲ. ಮೇಲಿನ ಹೋಸ್ ಬೆಳಿಗ್ಗೆ ಮೆತ್ತಗೇ ಇದೆ, ಕಲ್ಲಾಗಲಿಲ್ಲ. ಕೆಳಗಿನ ಹೋಸ್ ಚಪ್ಪಟೆ ಆಗಲಿಲ್ಲ. ಭಟ್ರೇ, ಸಂದಿಯಲ್ಲಿ ಧೂಳಿತ್ತು, ರೊಟ್ಟಿಯಷ್ಟಲ್ಲ. ಆದರೆ ಗನ್ ಹಿಡಿದಾಗ ಒಂದು ಕಡೆ 86 ಡಿಗ್ರಿ, ನಡುವೆ ಅಂಗೈ ಅಗಲದ ಜಾಗ 50ರ ಆಸುಪಾಸು! ನೀರಿನ ವಿಷಯ ಕೇಳಿದ್ರಲ್ಲ, ಮಾವನವರು ಸೊಸೈಟಿಯ ಟ್ಯಾಂಕರ್ ನೀರೇ ಹಾಕ್ತಿದ್ರಂತೆ.

ಭೋಸರಿ ಕಾಕಾ:

ಮುಗೀತಲ್ಲ. ಟ್ಯಾಂಕರ್ ಅಂದ್ರ ಬೋರ್ ನೀರ. ಅದರ ಸುಣ್ಣ ಟ್ಯೂಬಿನ್ಯಾಗ ಕಟ್ಟೈತಿ. ಕೋರ್ ತಾಮ್ರ-ಹಿತ್ತಾಳಿದಿದ್ರ ಟ್ಯಾಂಕ್ ಬಿಚ್ಚಿ ರಾಡಿಂಗ್ ಮಾಡ್ತಾರ, ಅಂದ್ರ ಕಡ್ಡಿ ತೂರಿಸಿ ಟ್ಯೂಬ್ ಬಿಡಿಸ್ತಾರ. ಅಲ್ಯೂಮಿನಿಯಂ ಕೋರ್, ಪ್ಲಾಸ್ಟಿಕ್ ಟ್ಯಾಂಕ್ ಇದ್ರ ರಿಪೇರಿ ಗೊಡವಿ ಬ್ಯಾಡ, ಹೊಸಾದ ಹಾಕ್ರಿ. ಪುಣೆದ ನಾನಾ ಪೇಠದಾಗ ಸಿಗ್ತೈತಿ, ಹಳೇದು ಕೈಯಾಗ ಹಿಡಕೊಂಡು ಹೋಗ್ರಿ, ಹೋಸ್ ಬಾಯಿ, ಬ್ರಾಕೆಟ್ ಹೊಂದಿಸಿ ನೋಡ್ರಿ. ಆಸಿಡ್ ಹಾಕಿ ತೊಳೀತೀನಿ ಅಂದವರಿಗೆ ನಮಸ್ಕಾರ ಹೇಳಿ ಬರ್ರಿ, ಸುಣ್ಣದ ಜೋಡಿ ಟ್ಯೂಬೂ ಹೋಗ್ತೈತಿ.

ಹಾಕೂ ಮೊದಲ ಇಂಜಿನ್ ಬ್ಲಾಕ್ ಫ್ಲಶ್ ಮಾಡಿಸ್ರಿ (ಒಳಗ ನೀರ ಹಾಯಿಸಿ ತೊಳಿಸ್ರಿ), ಇಲ್ಲಂದ್ರ ಅಲ್ಲಿನ ಕೆಸರು ಹೊಸಾದ್ರಾಗ ಬಂದು ಕೂಡ್ತೈತಿ. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಹಳೇ ಕ್ಯಾಪ್ ಬದಲಾಯಿಸೀರಲ್ಲ, ಮ್ಯಾಲೆ ಬರೆದ ಅಂಕಿ ಮೊದಲಿಂದರಷ್ಟ ಐತೋ ಇಲ್ಲೋ ನೋಡ್ರಿ. 0.9 ಬಾರ್ ಒತ್ತಡ ಹಿಡಿದ್ರ ಬರೇ ನೀರೂ 118 ಡಿಗ್ರಿ ತನಕ ಕುದಿಯೂದಿಲ್ಲ. ಕ್ಯಾಪ್ ಸಡಿಲಿದ್ರ 100ಕ್ಕ ಕುದೀತೈತಿ.

ಕೋಥ್ರೂಡ್ ಮೈಸೂರಿಗ:

ಹಾಕಿಸಿದೆ. ಹಳೇದನ್ನು ಕೊಯ್ದು ತೋರಿಸಿದ್ರು, ಟ್ಯೂಬ್ ಬಾಯಲ್ಲಿ ಬಿಳಿ ಹರಳು, ಸೂಜಿ ತೂರಲ್ಲ. ಆದರೆ ಈಗ ಹೀಟರ್‌ನಲ್ಲಿ ತಣ್ಣನೆ ಗಾಳಿ ಬರ್ತಿದೆ, ಮುಳ್ಳು ಏರಿ ಇಳಿದು ಮಾಡ್ತಿದೆ. ಶನಿವಾರ ಘಾಟ್ ಹತ್ತಬಹುದಾ?

ಭೋಸರಿ ಕಾಕಾ:

ಹತ್ತಬ್ಯಾಡ್ರಿ, ಏರ್ ಲಾಕ್ ಐತಿ, ಅಂದ್ರ ನೀರಿನ ದಾರ್ಯಾಗ ಗಾಳಿ ಸಿಕ್ಕೈತಿ. ಮುಳ್ಳು ಇಳೀತಂತ ಖುಷಿ ಪಡಬ್ಯಾಡ್ರಿ, ಸೆನ್ಸರ್ ಗಾಳ್ಯಾಗ ನಿಂತ್ರೂ ಇಳೀತೈತಿ. ತಣ್ಣಗಾದ ಮ್ಯಾಲ ಮೂತಿ ಎತ್ತರಕ್ಕ ಬರೂ ಹಂಗ ಇಳಿಜಾರಿನ್ಯಾಗ ನಿಲ್ಲಿಸಿ, ಕ್ಯಾಪ್ ತಗದು, ಹೀಟರ್ ಫುಲ್ ಬಿಸಿಗೆ ಇಟ್ಟು ಐಡಲ್ ಬಿಡ್ರಿ. ಮ್ಯಾಲಿನ ಹೋಸ್ ಹಿಚುಕಿ ಹಿಚುಕಿ ಗುಳ್ಳಿ ಹೊರಗ ಹಾಕ್ರಿ, ಇಳಿದಷ್ಟು ಮಿಕ್ಸ್ ತುಂಬ್ರಿ. ಹೀಟರಿಂದ ಬಿಸಿ ಗಾಳಿ ಬಂದ ಮ್ಯಾಲ ಕ್ಯಾಪ್ ಹಾಕ್ರಿ. ಮರುದಿನ ಮುಂಜಾನೆ ಮತ್ತ ಮಟ್ಟ ನೋಡಿ, ಕಡಿಮಿ ಆಗಿದ್ರ ತುಂಬಿ, ಮೊದಲ ಹಳೇ ಕಾತ್ರಜ್ ಘಾಟ್ ಹತ್ತಿ ನೋಡ್ರಿ. ಅದು ಮನಿ ಹತ್ರ, ಟೋಯಿಂಗ್ ಆದ್ರೂ ಸಸ್ತಾ.